ಬಿಲ್ಬಾವೊ ನಗರದ ಕಬ್ಬಿಣ

ಸ್ಪೇನ್ ದೇಶದ ಉತ್ತರ ತೀರದಲ್ಲಿ, ಬಿಸ್ಕೆ ಕೊಲ್ಲಿಯಿಂದ ಸುಮಾರು ಹದಿನೈದು ಕಿಲೋಮೀಟರುಗಳಷ್ಟು ಒಳಗೆ, ನೆರ್ವಿಯೋನ್ ನದಿಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡಿರುವ ಪಟ್ಟಣವೇ ಬಿಲ್ಬಾವೊ. ಬಾಸ್ಕ್ ಜನರು ತಮ್ಮ ನುಡಿಯಲ್ಲಿ ಇದನ್ನು ಬಿಲ್ಬೊ ಎನ್ನುವರು. ನಾಲ್ಕು ದಿಕ್ಕಿಗೂ ಹಸುರು ಗುಡ್ಡಗಳು ಎದ್ದು ನಿಂತಿರುವುದರಿಂದ ಊರು ಕಣಿವೆಯ ತಳದಲ್ಲಿ ಅವಿತಂತೆ ತೋರುವುದು. ಊರವರು ಸಲಿಗೆಯಿಂದ ಅದಕ್ಕಿಟ್ಟಿರುವ ಹೆಸರು ‘ಬೊಚೊ’, ಎಂದರೆ ಗುಳಿ. ಸಮುದ್ರದ ಕಡೆಯಿಂದ ಬರುವ ಮೋಡಗಳು ಈ ಗುಳಿಯ ಮೇಲೆ ನಿಂತು ಸಣ್ಣನೆಯ ತುಂತುರನ್ನು ಉದುರಿಸುವುವು. ಆ ತುಂತುರಿಗೆ ಅಲ್ಲಿ ಸಿರಿಮಿರಿ ಎಂದು ಹೆಸರು.

ಈ ಊರಿಗೆ ಈಗ ಯಾತ್ರಿಕರು ಬರುವುದು ಮೂರು ಕಾರಣಗಳಿಂದ. ನದಿಯ ದಡದಲ್ಲಿ ಬೆಳ್ಳಿಯ ಹಡಗಿನಂತೆ ಹೊಳೆಯುವ ಗುಗೆನ್‌ಹೈಮ್ ಕಲಾಭವನವನ್ನು ನೋಡುವುದು ಒಂದು. ಬಾಸ್ಕ್ ಅಡುಗೆಯ ರುಚಿಯನ್ನು ಕಾಣುವುದು ಎರಡು. ಸುತ್ತಣ ಬೆಟ್ಟ ಕಡಲುಗಳಲ್ಲಿಯೂ ಗೆರ್ನಿಕಾ ಎಂಬ ಪ್ರಸಿದ್ಧ ಸ್ಥಳದಲ್ಲಿಯೂ ಅಲೆಯುವುದು ಮೂರು. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ, ಎರಡು ಮೂರು ದಿನಗಳಲ್ಲಿ ಮುಗಿಸಿ ಹೊರಡುವುದು ರೂಢಿಯಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊರಿನ ಚರಿತ್ರೆಯನ್ನು ಸ್ವಲ್ಪ ವಿಚಾರಿಸಿದವನಿಗೆ, ಈ ಮೂರರ ಬೇರುಗಳೂ ಪಟ್ಟಣದ ಪಶ್ಚಿಮಕ್ಕೆ ಇರುವ ಒಂದೇ ಕೆಂಪು ಗುಡ್ಡದ ಸಾಲನ್ನು ಹೋಗಿ ಮುಟ್ಟುವುವೆಂಬುದು ಗೋಚರವಾಗದೆ ಇರದು. ಕಲಾಭವನದ ಹೊಳಪನ್ನು ಕಂಡು ಆ ಗುಡ್ಡವನ್ನು ಕಾಣದೆ ಬಂದವನು ಊರಿನ ಅರ್ಧವನ್ನು ಮಾತ್ರ ಕಂಡು ಬಂದಂತಾಯಿತು.

ಆ ಗುಡ್ಡಗಳಿಗೆ ಸೊಮೊರೊಸ್ತ್ರೊ, ತ್ರಿಯಾನೊ ಎಂದು ಹೆಸರುಗಳು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಪ್ಲಿನಿಯು ಕಾಂತಾಬ್ರಿಯದ ಕಡಲ ತೀರದಲ್ಲಿ ಅಡಿಯಿಂದ ಮುಡಿಯವರೆಗೂ ಕಬ್ಬಿಣವೇ ಆಗಿರುವ ಒಂದು ಕಡಿದಾದ ಪರ್ವತವಿದೆಯೆಂದು ಬರೆದಿದ್ದಾನೆ. ಅವನು ಕೇಳಿದ ಪರ್ವತವು ಇದೇ ಎಂದು ಬಹುಮಂದಿ ಎಣಿಸುವರು. ಮಧ್ಯಯುಗದಲ್ಲಿ ಬಿಸ್ಕಾಯ ಪ್ರಾಂತದ ಹಳ್ಳಗಳ ದಡದಲ್ಲಿ ನೀರಿನ ಬಲದಿಂದ ಎದ್ದು ಬೀಳುವ ದೊಡ್ಡ ಸುತ್ತಿಗೆಗಳ ಕುಲುಮೆಗಳು ಹೇರಳವಾಗಿದ್ದುವು. ಅದಿರು ಗುಡ್ಡದ್ದು, ಇದ್ದಲು ಕಾಡಿನದು, ಬಲ ಹೊಳೆಯದು. ಹೀಗೆ ತಯಾರಾದ ಕಬ್ಬಿಣವನ್ನು ಕೊಂಡೊಯ್ಯಲು ಒಂದು ಬಂದರು ಬೇಕಾಗಿತ್ತು. ಬಿಸ್ಕಾಯದ ಒಡೆಯನಾಗಿದ್ದ ಐದನೆಯ ದಿಯೆಗೊ ಲೋಪೆಸ್ ದೆ ಆರೊ ಎಂಬವನು ೧೩೦೦ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಬಿಲ್ಬಾವೊಗೆ ಪಟ್ಟಣದ ಸನ್ನದನ್ನು ಕೊಟ್ಟನು. ಸಾನ್ ಆಂತೋನ್ ಎಂಬ ಇಗರ್ಜಿ, ಅದರ ಪಕ್ಕದ ಸೇತುವೆ, ಆರೊ ಮನೆತನದ ಗುರುತಾದ ಎರಡು ತೋಳಗಳು, ಇವೇ ಇಂದಿಗೂ ನಗರದ ಲಾಂಛನ. ಮೊದಲಿಗೆ ಮೂರು ಬೀದಿಗಳು; ಬಳಿಕ ನಾಲ್ಕು ಸೇರಿ ಏಳಾದುವು. ‘ಏಳು ಬೀದಿಗಳು’ ಎಂಬ ಹೆಸರಿನಿಂದಲೇ ಹಳೆಯ ಪೇಟೆಯು ಈಗಲೂ ಪ್ರಸಿದ್ಧವಾಗಿರುವುದು.

ಇಲ್ಲಿಂದ ಕಬ್ಬಿಣವೂ ಕಸ್ತೀಲಿಯ ಉಣ್ಣೆಯೂ ಫ್ಲಾಂಡರ್ಸಿಗೂ ಇಂಗ್ಲೆಂಡಿಗೂ ಹೋಗುತ್ತಿದ್ದುವು. ೧೫೧೧ರಲ್ಲಿ ಹ್ವಾನಾ ರಾಣಿಯ ಹೆಸರಿನಲ್ಲಿ ಇಲ್ಲಿಯ ವರ್ತಕರಿಗೆ ಅವರದೇ ಆದ ನ್ಯಾಯಸ್ಥಾನವು ದೊರೆಯಿತು; ೧೭೩೭ರಲ್ಲಿ ಅವರು ರಚಿಸಿಕೊಂಡ ವ್ಯಾಪಾರದ ಕಟ್ಟಳೆಗಳು ಸ್ಪೇನಿನ ಅಮೆರಿಕದ ವಸಾಹತುಗಳಲ್ಲಿಯೂ ಆಚರಣೆಗೆ ಬಂದುವು. ಷೇಕ್ಸ್‌ಪಿಯರನ ಕಾಲದ ಆಂಗ್ಲರು ಒಳ್ಳೆಯ ಕತ್ತಿಗೆ ‘ಬಿಲ್ಬೊ’ ಎನ್ನುತ್ತಿದ್ದರು. ಒಂದು ಊರಿನ ಹೆಸರು ಪರರ ನುಡಿಯಲ್ಲಿ ಆಯುಧದ ಹೆಸರಾಗಿ ನಿಂತುದು ಅದರ ಕುಲುಮೆಗಳ ಕೀರ್ತಿಗೆ ಸಾಕ್ಷಿ.

ಇಷ್ಟಾದರೂ ಈ ಐದು ಶತಮಾನಗಳಲ್ಲಿ ಗುಡ್ಡವು ಹೆಚ್ಚಾಗಿ ಕರಗಲಿಲ್ಲ. ‘ಫುವೆರೊ’ ಎಂಬ ಬಿಸ್ಕಾಯದ ಪುರಾತನ ಹಕ್ಕುಕಟ್ಟಳೆಗಳಲ್ಲಿ ಅದಿರನ್ನು ಹಸಿಯಾಗಿಯೇ ಪರರಾಜ್ಯಗಳಿಗೆ ಮಾರಕೂಡದೆಂಬ ನಿಷೇಧವಿದ್ದಿತು. ಕಲ್ಲನ್ನು ಮಾರಿದರೆ ಕುಲುಮೆಯವನ ಅನ್ನ ಹೋಗುವುದೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ಈ ಕಟ್ಟು ಸಡಿಲಿತು. ಅದೇ ಸಮಯಕ್ಕೆ, ೧೮೫೬ರಲ್ಲಿ, ಇಂಗ್ಲೆಂಡಿನ ಹೆನ್ರಿ ಬೆಸೆಮರನು ಕರಗಿದ ಬೀಡು ಕಬ್ಬಿಣದೊಳಕ್ಕೆ ಗಾಳಿಯನ್ನು ಊದಿ ಅಗ್ಗವಾಗಿ ಉಕ್ಕನ್ನು ಮಾಡುವ ವಿಧಾನವನ್ನು ಪ್ರಕಟಿಸಿದನು. ಆ ವಿಧಾನಕ್ಕೆ ರಂಜಕದ ಅಂಶವಿಲ್ಲದ ಅದಿರೇ ಆಗಬೇಕು. ರಂಜಕವು ಉಳಿದರೆ ಉಕ್ಕು ಸಿಡುಕಾಗಿ ಒಡೆಯುವುದು. ಯೂರೋಪಿನಲ್ಲಿ ಅಂಥ ಅದಿರು ವಿರಳ. ಸೊಮೊರೊಸ್ತ್ರೊದಲ್ಲಿ ಅದು ಸಮುದ್ರದ ಮಗ್ಗುಲಲ್ಲೇ, ನೆಲದ ಮೇಲ್ಭಾಗದಲ್ಲೇ ಬಿದ್ದಿತ್ತು. ೧೮೭೬ರಲ್ಲಿ ಕಾರ್ಲಿಸ್ಟ್ ಯುದ್ಧವು ಮುಗಿದು ಫುವೆರೊಗಳೇ ರದ್ದಾದ ಮೇಲೆ ಗುಡ್ಡಕ್ಕೆ ತಡೆಯೆಂಬುದು ಇಲ್ಲವಾಯಿತು. ಹಡಗುಗಳು ಅದಿರನ್ನು ತುಂಬಿಕೊಂಡು ಬ್ರಿಟನ್ನಿಗೆ ಹೋಗಿ ಕಲ್ಲಿದ್ದಲನ್ನು ತುಂಬಿಕೊಂಡು ಮರಳಿದುವು. ಶತಮಾನದ ಕೊನೆಯ ಹೊತ್ತಿಗೆ ವರ್ಷವೊಂದಕ್ಕೆ ಅಗೆದ ಅದಿರು ೬೦ ಲಕ್ಷ ಟನ್ನನ್ನು ಮೀರಿತು. ೧೮೭೭ರಲ್ಲಿ ಸುಮಾರು ೩೩,೦೦೦ ಇದ್ದ ಪಟ್ಟಣದ ಜನಸಂಖ್ಯೆಯು, ನೆರೆಯ ಊರುಗಳನ್ನೂ ನುಂಗಿ, ೧೯೦೦ರಲ್ಲಿ ಸುಮಾರು ೮೩,೦೦೦ ಆಯಿತು.

ಈ ಐಶ್ವರ್ಯವನ್ನು ಅಗೆದವರು ಯಾರು? ಕಸ್ತೀಲಿ, ಲಿಯೋನ್, ಗಲೀಸಿಯ ಮೊದಲಾದ ಬಡ ಸೀಮೆಗಳಿಂದ ಬಂದ ಕೂಲಿಗಳು. ಗಣಿಯ ಬಳಿಯ ಮರದ ಕೊಟ್ಟಿಗೆಗಳಲ್ಲಿ ಅವರನ್ನು ಒತ್ತೊತ್ತಾಗಿ ಮಲಗಿಸುತ್ತಿದ್ದರು. ದಿನಸಿಯನ್ನು ಮೇಸ್ತ್ರಿಗಳ ಅಂಗಡಿಯಲ್ಲೇ, ಅವರು ಹೇಳಿದ ಕ್ರಯಕ್ಕೇ ಕೊಳ್ಳಬೇಕು. ಕೊಳ್ಳದವನಿಗೆ ಮರುದಿನ ಕೆಲಸವಿಲ್ಲ. ಕೊಟ್ಟ ಕೂಲಿಯು ಹೀಗೆ ಸುತ್ತಿ ಬಂದು ಕೊಟ್ಟವರ ಕೈಯನ್ನೇ ಸೇರುತ್ತಿದ್ದಿತು. ೧೮೯೦ರ ಮೇ ತಿಂಗಳಿನಲ್ಲಿ ಗಣಿಗಾರರು ಕೆಲಸ ನಿಲ್ಲಿಸಿ ಕಣಿವೆಗಿಳಿದರು, ಕಾರ್ಖಾನೆಗಳೂ ನಿಂತುವು. ಸೈನ್ಯದೊಡನೆ ಬಂದ ಸೇನಾಪತಿ ಲೋಮನು ಕೊಟ್ಟಿಗೆಗಳನ್ನು ಕಣ್ಣಾರೆ ಕಂಡ ಮೇಲೆ ಅವರ ಮೇಲೆ ಗುಂಡು ಹಾರಿಸುವ ಬದಲು ಅವರ ಪಕ್ಷವಾಗಿಯೇ ಒಡಂಬಡಿಕೆ ಮಾಡಿಸಿದನು: ದಿನಕ್ಕೆ ಸರಾಸರಿ ಹತ್ತು ಗಂಟೆಯ ದುಡಿಮೆ, ಕಡ್ಡಾಯದ ಕೊಟ್ಟಿಗೆಯೂ ಅಂಗಡಿಯೂ ರದ್ದು. ಹಣವಂತರು ಅದನ್ನು ನೆಟ್ಟಗೆ ಪಾಲಿಸಲಿಲ್ಲವಾದುದರಿಂದ ಮುಷ್ಕರಗಳು ಮತ್ತೆ ಮತ್ತೆ ನಡೆದುವು. ಮುಂದೆ ಸ್ಪೇನಿನ ಅಂತರ್ಯುದ್ಧದಲ್ಲಿ ತನ್ನ ಭಾಷಣಗಳಿಂದ ಲೋಕಪ್ರಸಿದ್ಧಳಾದ ದೊಲೋರೆಸ್ ಇಬಾರುರಿಯು ೧೮೯೫ರಲ್ಲಿ ಹುಟ್ಟಿದುದು ಈ ಗುಡ್ಡದ ಗಯಾರ್ತ ಎಂಬ ಹಳ್ಳಿಯ ಗಣಿಗಾರರ ಮನೆಯಲ್ಲಿ. ಆ ಹಳ್ಳಿಯೂ ಈಗ ಇದ್ದಲ್ಲಿ ಇಲ್ಲ. ಅದರ ಅಡಿಯಲ್ಲಿಯೂ ಅದಿರಿದ್ದುದರಿಂದ ಊರನ್ನೇ ಕಿತ್ತು ಪಕ್ಕಕ್ಕೆ ಕಟ್ಟಬೇಕಾಯಿತು.

ನದಿಯ ಎಡದಡವು ಗಣಿ, ಕುಲುಮೆ, ಹೊಗೆಗಳದು. ಬಲದಡದ ಕಡಲ ಬದಿಯು ಯಜಮಾನರ ಬಂಗಲೆಗಳದು. ಎರಡನ್ನೂ ಕೂಡಿಸುವುದು ನದೀಮುಖದ ಬಿಸ್ಕಾಯ ಸೇತುವೆ. ಆಲ್ಬೆರ್ತೊ ದೆ ಪಲಾಸಿಯೊ ಎಂಬ ಶಿಲ್ಪಿಯು ಇದನ್ನು ೧೮೯೩ರಲ್ಲಿ ಮುಗಿಸಿದನು. ಎತ್ತರದ ಪಟಗಳ ಹಡಗುಗಳಿಗೆ ಅಡ್ಡಿಯಾಗದಂತೆ ೪೫ ಮೀಟರು ಮೇಲೆ, ೧೬೦ ಮೀಟರು ಉದ್ದಕ್ಕೆ ಒಂದು ಕಬ್ಬಿಣದ ತೊಲೆ. ಅದರಿಂದ ಉಕ್ಕಿನ ಹಗ್ಗಗಳಲ್ಲಿ ತೂಗುಬಿಟ್ಟ ಒಂದು ತೊಟ್ಟಿಲು. ಜನರೂ ಬಂಡಿಗಳೂ ತೊಟ್ಟಿಲೇರಿ ನೀರಿನ ಮೇಲೆಯೇ ಆಚೆ ದಡಕ್ಕೆ ಜಾರುವರು. ಈ ಬಗೆಯ ಸೇತುವೆಗಳಲ್ಲಿ ಲೋಕದಲ್ಲೇ ಮೊದಲನೆಯದಾದ ಇದು ಇಂದಿಗೂ ಕೆಲಸ ಮಾಡುತ್ತಿರುವುದು.

ಕಬ್ಬಿಣವು ತಂದ ಇನ್ನೊಂದು ಮಾರ್ಪಾಟು ಕಣ್ಣಿಗೆ ಕಾಣದೆ ಕಿವಿಗೆ ಮಾತ್ರ ತಿಳಿಯುವಂಥದು. ಬಾಸ್ಕ್ ನುಡಿಗೆ ಯೂರೋಪಿನ ಯಾವ ನುಡಿಯೊಡನೆಯೂ ನಂಟಿಲ್ಲ. ಗೋವೆಯಲ್ಲಿ ಯಾರ ದೇಹವನ್ನು ಇರಿಸಿದ್ದಾರೆಯೋ ಆ ಫ್ರಾನ್ಸಿಸ್ ಜೇವಿಯರನ ತಾಯ್ನುಡಿಯು ಇದೇ. ವ್ಯಾಪಾರದ ಪಟ್ಟಣವಾದ ಬಿಲ್ಬಾವೊದಲ್ಲಿ ಸ್ಪ್ಯಾನಿಷಿನ ಬಳಕೆ ಮೊದಲಿನಿಂದಲೂ ಇದ್ದಿತು. ಗಣಿಗಳಿಗೆ ಬಂದ ಸಹಸ್ರಾರು ಜನರೊಡನೆ ಅದು ಪೂರ್ತಿಯಾಗಿ ಬೇರೂರಿತು. ಇದಕ್ಕೆ ಊರಿನ ಮಕ್ಕಳಿಬ್ಬರು ಕೊಟ್ಟ ಉತ್ತರಗಳು ಪರಸ್ಪರ ವಿರುದ್ಧವಾದುವು. ೧೮೬೫ರಲ್ಲಿ ಹುಟ್ಟಿದ ಸಬೀನೊ ಅರಾನನು ಬಾಸ್ಕ್ ರಾಷ್ಟ್ರೀಯ ಪಕ್ಷವನ್ನು ಸ್ಥಾಪಿಸಿ ನುಡಿಯನ್ನು ಎತ್ತಿಹಿಡಿದನು. ಆದರೆ ಹೊರಗಿನಿಂದ ಬಂದ ಬಡ ಗಣಿಗಾರರನ್ನು ಕುರಿತು ಅವನು ಬರೆದ ತಿರಸ್ಕಾರದ ಮಾತುಗಳು ಅವನ ಕೀರ್ತಿಗೆ ಕಳಂಕವಾಗಿಯೇ ಉಳಿದಿವೆ. ೧೮೬೪ರಲ್ಲಿ ಏಳು ಬೀದಿಗಳ ಅಂಚಿನಲ್ಲಿ ಹುಟ್ಟಿದ ತತ್ತ್ವಜ್ಞ ಮಿಗೆಲ್ ದೆ ಉನಮೂನೊ, ಸ್ವತಃ ಆ ನುಡಿಯನ್ನು ಕಲಿತವನಾಗಿದ್ದೂ, ೧೯೦೧ರಲ್ಲಿ ಬಿಲ್ಬಾವೊದ ಸಾಹಿತ್ಯೋತ್ಸವದಲ್ಲಿ ನಿಂತು ಬಾಸ್ಕ್ ನುಡಿಯು ಸಾಯತಕ್ಕದ್ದೇ, ಅದನ್ನು ಗೌರವದಿಂದ ಹೂಳೋಣವೆಂಬರ್ಥದ ಮಾತನ್ನಾಡಿ ಸಭೆಯನ್ನು ಕೆರಳಿಸಿದನು. ತಾಯ್ನಾಡಿನ ಸಾಹಿತ್ಯೋತ್ಸವದಲ್ಲಿ ಇಂಥ ಮಾತನ್ನು ಆಡುವುದಕ್ಕೆ ಎದೆ ಬೇಕು. ಆದರೆ ಎದೆಗಾರಿಕೆಯೊಂದರಿಂದಲೇ ಮಾತು ನಿಜವಾಗುವುದಿಲ್ಲ. ಫ್ರಾಂಕೊವಿನ ದಬ್ಬಾಳಿಕೆಯನ್ನೂ ದಾಟಿ ಆ ನುಡಿಯು ಉಳಿದಿದೆ. ೧೯೭೯ರ ಸ್ವಯಮಾಡಳಿತದ ಶಾಸನದಿಂದ ಅದಕ್ಕೆ ಅಧಿಕೃತ ಸ್ಥಾನವೂ ದೊರೆತಿದೆ. ಅದರ ವಿದ್ವತ್ಪರಿಷತ್ತಿನ ಕಚೇರಿಯಿರುವುದು ಉನಮೂನೊ ಹುಟ್ಟಿದ ಬೀದಿಗೆ ಕೂಗಳತೆಯಲ್ಲಿ.

ಊಟದ ಮಾತಿಗೆ ಬಂದರೆ, ಬಿಲ್ಬಾವೊದ ಅಡುಗೆಯಲ್ಲಿ ಮೊದಲ ಮಣೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿಗೆ. ಆ ಮೀನು ಊರಿನ ಕಡಲಿನದಲ್ಲ. ಉತ್ತರ ಸಮುದ್ರಗಳಿಂದ ಬರತಕ್ಕದ್ದು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸವು ನಿಷಿದ್ಧವಾಗಿದ್ದುದರಿಂದ ಕೆಡದೆ ಉಳಿಯುವ ಈ ಮೀನಿಗೆ ಬೇಡಿಕೆಯಿದ್ದಿತು. ಇದರ ವಿಷಯವಾಗಿ ಒಂದು ಐತಿಹ್ಯವನ್ನು ಊರವರು ನಗುತ್ತ ಹೇಳುವರು. ಸಿಂಹಾಸನಕ್ಕಾಗಿ ಇಸಬೆಲ್ ರಾಣಿಗೂ ಅವಳ ಚಿಕ್ಕಪ್ಪ ಕಾರ್ಲೋಸನಿಗೂ ನಡೆದ ಮೊದಲ ಕಾರ್ಲಿಸ್ಟ್ ಯುದ್ಧದಲ್ಲಿ ಹಳ್ಳಿಗಳು ಬಹುಮಟ್ಟಿಗೆ ಕಾರ್ಲೋಸನ ಕಡೆಗೂ ಪಟ್ಟಣವು ರಾಣಿಯ ಕಡೆಗೂ ನಿಂತುವು. ೧೮೩೫ರಲ್ಲಿ ಮುತ್ತಿಗೆ ಹಾಕಿದ ಸೇನಾನಿ ಸುಮಲಕಾರ್ರೆಗಿಯು ಇಲ್ಲಿಯೇ ಗಾಯಗೊಂಡು ತೀರಿಕೊಂಡನು. ೧೮೩೬ರಲ್ಲಿ ಮತ್ತೆ ಮುತ್ತಿಗೆಯಾಯಿತು. ಅದಕ್ಕೆ ಸ್ವಲ್ಪ ಮುಂಚೆ ಗುರ್ತುಬಾಯ್ ಎಂಬ ವರ್ತಕನು ‘೧೦೦ ಅಥವಾ ೧೨೦’ ಮೀನುಗಳನ್ನು ಕಳುಹಿಸಬೇಕೆಂದು ಬರೆದನಂತೆ. ಸ್ಪ್ಯಾನಿಷಿನಲ್ಲಿ ‘ಅಥವಾ’ ಎಂಬುದಕ್ಕೆ ‘ಒ’ ಎಂಬ ಒಂದೇ ಅಕ್ಷರ. ಅದರ ಆಕಾರವು ಸೊನ್ನೆಯದು. ಓದಿದವನು ಮೂರನ್ನೂ ಕೂಡಿಸಿ ೧೦,೦೦,೧೨೦ ಎಂದು ಗ್ರಹಿಸಿ ಹಡಗುಗಟ್ಟಲೆ ಮೀನನ್ನು ಕಳುಹಿಸಿಬಿಟ್ಟನು. ದಿವಾಳಿಯಾದೆನೆಂದು ವರ್ತಕನು ತಲೆಯ ಮೇಲೆ ಕೈಹೊತ್ತು ಕುಳಿತಿರುವಾಗಲೇ ಮುತ್ತಿಗೆ ಬಿದ್ದು, ಊರೆಲ್ಲ ಆ ಮೀನನ್ನೇ ತಿಂದು ಜೀವ ಹಿಡಿಯಿತು; ಅವನು ಕೋಟ್ಯಧೀಶನಾದನು. ಲೆಕ್ಕವು ನಂಬತಕ್ಕುದಲ್ಲ; ಆದರೆ ಹಸಿವಿನ ನೆನಪನ್ನು ಊರು ಕಥೆಯಾಗಿ ಕಾಪಾಡಿಕೊಂಡಿರುವುದು ನಂಬತಕ್ಕದ್ದೇ.

ಆ ಮೀನಿನ ಒಂದು ಅಡುಗೆಗೆ ‘ಪಿಲ್‌ಪಿಲ್’ ಎಂದು ಹೆಸರು. ಎಣ್ಣೆ ಸಣ್ಣಗೆ ಕುದಿಯುವ ಸದ್ದೇ ಹೆಸರಾಗಿದೆ. ಮೀನನ್ನು ಒಂದೆರಡು ದಿನ ನೀರು ಬದಲಾಯಿಸುತ್ತ ನೆನೆಸಿ ಉಪ್ಪು ಬಿಡಿಸುವರು. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಆಲಿವ್ ಎಣ್ಣೆಗೆ ಬೆಳ್ಳುಳ್ಳಿಯನ್ನೂ ಒಣಮೆಣಸಿನಕಾಯಿಯನ್ನೂ ಹಾಕಿ ಹುರಿದು ತೆಗೆದು, ಅದೇ ಎಣ್ಣೆಯಲ್ಲಿ ಮೀನನ್ನು ಸಣ್ಣ ಉರಿಯಲ್ಲಿಟ್ಟು, ಪಾತ್ರೆಯನ್ನು ಎರಡು ಕೈಗಳಿಂದ ಹಿಡಿದು ಮೆಲ್ಲಗೆ ವೃತ್ತಾಕಾರವಾಗಿ ಅಲ್ಲಾಡಿಸುತ್ತಲೇ ಇರಬೇಕು. ಮೀನಿನ ಚರ್ಮದಿಂದ ಒಸರುವ ಅಂಟು ಎಣ್ಣೆಯೊಡನೆ ಬೆರೆತು ಬೆಣ್ಣೆಯಂಥ ಬಿಳಿಯ ಗೊಜ್ಜಾಗುವುದು. ಹಿಟ್ಟಿಲ್ಲ, ಹಾಲಿಲ್ಲ, ಕೈಯ ತಾಳ್ಮೆಯೊಂದೇ. ಮೀನನ್ನು ಮುಟ್ಟದವರು ಕೂಡ ಈ ಕೆಲಸವನ್ನು ನೋಡಿ ಮೆಚ್ಚಬಹುದು. ಪೇಟೆಯ ಪಾನಗೃಹಗಳಲ್ಲಿ ರೊಟ್ಟಿಯ ತುಣುಕಿನ ಮೇಲೆ ಬಗೆಬಗೆಯ ಪದಾರ್ಥಗಳನ್ನಿರಿಸಿ ಕಡ್ಡಿ ಚುಚ್ಚಿದ ‘ಪಿಂಚೊ’ಗಳೂ, ಚಕೊಲಿ ಎಂಬ ಹುಳಿಯಾದ ದ್ರಾಕ್ಷಾರಸವೂ ದೊರೆಯುವುವು. ಚೊಕೊ, ಎಂದರೆ ಮೂಲೆ, ಎಂಬ ಹೆಸರಿನ ಅಡುಗೆಯ ಸಂಘಗಳೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ಸಾನ್ ಸೆಬಾಸ್ತಿಯಾನಿನಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಗಂಡಸರೇ ಒಲೆಯ ಮುಂದೆ ನಿಂತು ಅಡುಗೆ ಮಾಡಿ, ತಾವು ಬಳಸಿದುದರ ಬೆಲೆಯನ್ನು ತಾವೇ ಲೆಕ್ಕ ಹಾಕಿ ಇಟ್ಟು ಹೋಗುವರು. ಮನೆಯಲ್ಲಿ ನಿತ್ಯವೂ ಅಡುಗೆ ಮಾಡುವ ಹೆಂಗಸರಿಗೆ ಬಹುಕಾಲ ಅಲ್ಲಿ ಪ್ರವೇಶವೇ ಇರಲಿಲ್ಲವೆಂಬುದು ವಿನೋದವೂ ಹೌದು, ಅನ್ಯಾಯವೂ ಹೌದು.

ಕಲೆಯು ಗುಗೆನ್‌ಹೈಮಿನೊಡನೆ ಈ ಊರಿಗೆ ಬಂದಿತೆಂದು ತಿಳಿಯುವವರು ಬಹಳ. ಅದು ಸರಿಯಲ್ಲ. ಕಬ್ಬಿಣದ ಹಣದಿಂದ ಬೆಳೆದ ನಗರವು ೧೯೦೮ರಲ್ಲಿಯೇ ಲಲಿತಕಲೆಗಳ ಸಂಗ್ರಹಾಲಯವನ್ನು ಸ್ಥಾಪಿಸಿತು. ೧೯೧೯ರಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಿಂದ ಗೋಗ್ಯಾನನು ಬರೆದ ಅಗಸಗಿತ್ತಿಯರ ಚಿತ್ರವು ಈ ಸಂಗ್ರಹವನ್ನು ಸೇರಿತು. ಎಲ್ ಗ್ರೆಕೊ, ಸುರ್ಬರಾನ್, ಗೋಯ ಇವರ ಕೃತಿಗಳೂ ಇಲ್ಲಿವೆ. ಇವುಗಳ ನಡುವೆ ನಿಂತು ನೋಡತಕ್ಕವು ಊರಿನವನೇ ಆದ ಔರೇಲಿಯೊ ಆರ್ತೆತನ ಚಿತ್ರಗಳು. ಕಾರ್ಖಾನೆಗಳ ನಡುವಣ ಬುರ್ಸೆನಾ ಸೇತುವೆಯನ್ನೂ ಅಲ್ಲಿಯ ಶ್ರಮಜೀವಿಗಳನ್ನೂ ಅವನು ಹಳೆಯ ಗುರುಗಳು ಸಾಧುಸಂತರನ್ನು ಬರೆದ ಗಾಂಭೀರ್ಯದಿಂದ ಬರೆದನು. ಗಣಿಯ ಹಣದಿಂದ ಕಟ್ಟಿದ ಕಲಾಮಂದಿರದೊಳಕ್ಕೆ ದುಡಿದವರ ಮುಖವು ಬಂದುದು ಈ ಕುಂಚದಿಂದ. ಯುದ್ಧದಲ್ಲಿ ಅವನು ದೇಶಭ್ರಷ್ಟನಾಗಿ ೧೯೪೦ರಲ್ಲಿ ಮೆಕ್ಸಿಕೋದಲ್ಲಿ ಮಡಿದನು.

ಆ ಯುದ್ಧದ ಕಥೆಯನ್ನು ಹೇಳದೆ ಸುತ್ತಣ ಪ್ರದೇಶವನ್ನು ವರ್ಣಿಸುವಂತಿಲ್ಲ. ಬಿಲ್ಬಾವೊದಿಂದ ಸುಮಾರು ೩೦ ಕಿಲೋಮೀಟರು ದೂರದ ಗೆರ್ನಿಕಾದಲ್ಲಿ ಒಂದು ಓಕ್ ಮರವುಂಟು. ಬಿಸ್ಕಾಯದ ಒಡೆಯರು ಅದರ ಕೆಳಗೆ ನಿಂತು ಫುವೆರೊಗಳನ್ನು ಪಾಲಿಸುವೆವೆಂದು ಪ್ರಮಾಣ ಮಾಡುತ್ತಿದ್ದರು. ೧೯೩೭ನೆಯ ಏಪ್ರಿಲ್ ೨೬, ಸೋಮವಾರ, ಸಂತೆಯ ದಿನ. ಫ್ರಾಂಕೊವಿನ ಸಹಾಯಕ್ಕೆ ಬಂದಿದ್ದ ಜರ್ಮನಿಯ ಮತ್ತು ಇಟಲಿಯ ವಿಮಾನಗಳು ಅಪರಾಹ್ಣದಿಂದ ಸುಮಾರು ಮೂರು ಗಂಟೆಗಳ ಕಾಲ ಬಾಂಬುಗಳನ್ನು ಸುರಿದು ಊರನ್ನು ಸುಟ್ಟುವು. ಬಾಸ್ಕರೇ ತಮ್ಮ ಊರಿಗೆ ಕಿಚ್ಚಿಟ್ಟುಕೊಂಡರೆಂದು ಫ್ರಾಂಕೊವಿನ ಪಕ್ಷದವರು ಸಾರಿದರು; ಜಾರ್ಜ್ ಸ್ಟೀರ್ ಎಂಬ ವರದಿಗಾರನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಕಳುಹಿಸಿದ ವೃತ್ತಾಂತವು ಆ ಸುಳ್ಳನ್ನು ನಿಲ್ಲಗೊಡಲಿಲ್ಲ. ಮರವು ಮಾತ್ರ ಸುಡದೆ ಉಳಿಯಿತು. ಈಗ ಅಲ್ಲಿರುವುದು ಅದೇ ವಂಶದ ಎಳೆಯ ಮರ; ಇನ್ನೂ ಹಳೆಯ ಮರವೊಂದರ ಕಾಂಡವನ್ನು ಕಂಬಗಳ ಮಂಟಪದಲ್ಲಿ ಕಾಪಾಡಿದ್ದಾರೆ.

ಮೇ ತಿಂಗಳ ೨೧ರಂದು ಸುಮಾರು ೪,೦೦೦ ಮಕ್ಕಳು, ತಂದೆತಾಯಿಗಳನ್ನು ದಡದಲ್ಲಿ ಬಿಟ್ಟು, ‘ಆಬಾನ’ ಎಂಬ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಪಟ್ಟಣದ ಸುತ್ತ ‘ಕಬ್ಬಿಣದ ಒಡ್ಯಾಣ’ವೆಂಬ ಕೋಟೆಸಾಲನ್ನು ಕಟ್ಟಿದ್ದರು, ಅದರ ನಕ್ಷೆಗಳೊಡನೆ ಅದನ್ನು ಕಟ್ಟಿಸಿದವರಲ್ಲೊಬ್ಬನಾದ ಎಂಜಿನಿಯರನೇ ಶತ್ರುಗಳ ಕಡೆಗೆ ಹೋದನು. ಜೂನ್ ೧೯ರಂದು ಬಿಲ್ಬಾವೊ ಬಿದ್ದಿತು. ಹಿಮ್ಮೆಟ್ಟುವಾಗ ಸೇತುವೆಗಳನ್ನು ಒಡೆದ ಬಾಸ್ಕರು ಉಕ್ಕಿನ ಕಾರ್ಖಾನೆಗಳನ್ನು ಮಾತ್ರ ಒಡೆಯಗೊಡಲಿಲ್ಲ. ಒಡೆಯಲು ಬಂದವರನ್ನು ತಡೆಯಲು ಕಾವಲನ್ನೇ ಇರಿಸಿದರು. ಯುದ್ಧನೀತಿಗೆ ಇದು ವಿರುದ್ಧ. ಆ ಉಕ್ಕು ಫ್ರಾಂಕೊವಿಗೇ ಒದಗಿತು. ಆದರೆ ಸೋತ ಮೇಲೆಯೂ ಊರು ಬದುಕಬೇಕೆಂದು ಬಗೆದವರನ್ನು ಹಳಿಯುವುದು ಸುಲಭವಲ್ಲ.

ಯುದ್ಧವು ಕೆಡಿಸದ ಕುಲುಮೆಗಳನ್ನು ಮಾರುಕಟ್ಟೆಯು ಕೆಡಿಸಿತು. ೧೯೭೦ರ ದಶಕದ ಬಳಿಕ ಉಕ್ಕಿನ ಮತ್ತು ಹಡಗುಗಳ ಬೇಡಿಕೆ ಕುಗ್ಗಿತು. ೧೯೮೩ರ ಆಗಸ್ಟ್ ೨೬ರಂದು, ಊರಿನ ಜಾತ್ರೆಯ ನಡುವೆಯೇ, ನದಿಯು ಉಕ್ಕಿ ಏಳು ಬೀದಿಗಳನ್ನು ಮುಳುಗಿಸಿತು. ಎವುಸ್ಕಲ್ದೂನ ಹಡಗುಕಟ್ಟೆಯ ಕೆಲಸಗಾರರು ಅದನ್ನು ಉಳಿಸಿಕೊಳ್ಳಲು ಬೀದಿಯಲ್ಲಿ ಹೋರಾಡಿದರೂ ಅದು ಮುಚ್ಚಿತು. ೧೯೯೩ರಲ್ಲಿ ಕೊನೆಯ ಗಣಿಯೂ, ೧೯೯೬ರಲ್ಲಿ ‘ಆಲ್ತೋಸ್ ಓರ್ನೋಸ್’ ಉಕ್ಕಿನ ಕಾರ್ಖಾನೆಯೂ ಕೊನೆಗಂಡುವು. ಅದರ ಮರುವರ್ಷ, ೧೯೯೭ರ ಅಕ್ಟೋಬರಿನಲ್ಲಿ, ಫ್ರಾಂಕ್ ಗೆರಿ ಎಂಬ ಅಮೆರಿಕದ ಶಿಲ್ಪಿಯು ರಚಿಸಿದ ಗುಗೆನ್‌ಹೈಮ್ ಕಲಾಭವನವು ಹಳೆಯ ಹಡಗುಧಕ್ಕೆಯ ನೆಲದ ಮೇಲೆ ಬಾಗಿಲು ತೆರೆಯಿತು. ಹೊರಮೈಗೆ ಕಾಗದದಂತೆ ತೆಳುವಾದ ಸುಮಾರು ೩೩,೦೦೦ ತೈಟೇನಿಯಮ್ ತಗಡುಗಳು. ಸಿರಿಮಿರಿಯಲ್ಲಿ ಅವು ಬೂದು, ಸಂಜೆಯ ಬಿಸಿಲಿನಲ್ಲಿ ಹೊನ್ನು. ಕೆಲಸ ಕಳೆದುಕೊಂಡವರ ಊರಿನಲ್ಲಿ ಸರ್ಕಾರದ ಹಣವನ್ನು ಪರದೇಶದ ಸಂಸ್ಥೆಗೆ ಸುರಿಯುವುದೇ ಎಂದು ಬಹುಮಂದಿ ಆಕ್ಷೇಪಿಸಿದರು. ಬಾಸ್ಕ್ ಶಿಲ್ಪಿಗಳಲ್ಲಿ ಹಿರಿಯನಾದ ಒತೇಯಿಸನು ಉಗ್ರವಾಗಿ ವಿರೋಧಿಸಿದನು. ಪ್ರಾರಂಭಕ್ಕೆ ಐದು ದಿನ ಮುಂಚೆ, ಹೂಕುಂಡಗಳಲ್ಲಿ ಸ್ಫೋಟಕಗಳನ್ನು ಅಡಗಿಸಿ ತೋಟಗಾರರ ವೇಷದಲ್ಲಿ ಬಂದ ಎಟಾ ಎಂಬ ಸಶಸ್ತ್ರ ಬಾಸ್ಕ್ ಗುಂಪಿನವರನ್ನು ತಡೆದ ಚೆಮಾ ಅಗಿರ್ರೆ ಎಂಬ ಬಾಸ್ಕ್ ಪೋಲೀಸಿನವನು ಗುಂಡೇಟಿಗೆ ಬಲಿಯಾದನು. ಭವನದ ಮುಂದಣ ಚೌಕಕ್ಕೆ ಈಗ ಅವನ ಹೆಸರಿದೆ. ಮೊದಲ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರು ಬಂದರು, ಆಕ್ಷೇಪಗಳು ತಗ್ಗಿದುವು.

ಆ ಪ್ರಾರಂಭೋತ್ಸವಕ್ಕೆ ಪಿಕಾಸೊವಿನ ‘ಗೆರ್ನಿಕಾ’ ಚಿತ್ರವನ್ನು ಎರವಲಾಗಿ ಕೊಡಬೇಕೆಂದು ಬಾಸ್ಕ್ ಸರ್ಕಾರವು ಕೇಳಿತ್ತು. ಚಿತ್ರವು ಜೀರ್ಣವಾಗಿದೆ, ಪ್ರಯಾಣವನ್ನು ತಾಳದು ಎಂದು ಮಡ್ರಿಡ್ಡಿನವರು ಕೊಡಲಿಲ್ಲ. ಕಾರಣವು ಸಟೆಯಲ್ಲ, ಹಿಂದೆ ಸುರುಳಿ ಸುತ್ತಿ ಅನೇಕ ದೇಶಗಳನ್ನು ಸುತ್ತಿದ ಬಟ್ಟೆಯದು. ಆದರೂ ಗೆರ್ನಿಕಾದ ಚಿತ್ರವನ್ನು ನೋಡಲು ಗೆರ್ನಿಕಾದವರು ಮಡ್ರಿಡ್ಡಿಗೇ ಹೋಗಬೇಕು. ಊರಿನ ಒಂದು ಬೀದಿಯ ಗೋಡೆಯ ಮೇಲೆ ಅದರ ಪ್ರತಿಯನ್ನು ಹೆಂಚುಗಳಲ್ಲಿ ಮಾಡಿಸಿ ನಿಲ್ಲಿಸಿಕೊಂಡಿದ್ದಾರೆ.

ಗುಗೆನ್‌ಹೈಮಿನ ಅತ್ಯಂತ ದೊಡ್ಡ ಅಂಕಣದಲ್ಲಿ ೨೦೦೫ರಿಂದ ರಿಚರ್ಡ್ ಸೆರ್ರಾ ಎಂಬ ಶಿಲ್ಪಿಯ ಉಕ್ಕಿನ ಬೃಹದಾಕೃತಿಗಳಿವೆ. ತುಕ್ಕಿನ ಬಣ್ಣದ ಗೋಡೆಗಳು ಸುರುಳಿಸುರುಳಿಯಾಗಿ ಬಾಗಿ, ನಡುವೆ ನಡೆದವನಿಗೆ ನೆಲವೇ ತಿರುಗಿದಂತೆ ಭಾಸವಾಗುವುದು. ಒಟ್ಟು ತೂಕ ಸಾವಿರ ಟನ್ನಿಗೂ ಮಿಗಿಲು. ಸೆರ್ರಾ ತಾರುಣ್ಯದಲ್ಲಿ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವನು. ಆದರೆ ಆ ಹಲಗೆಗಳನ್ನು ಎರೆದು ಬಾಗಿಸಿದುದು ಜರ್ಮನಿಯಲ್ಲಿ. ಹತ್ತು ಕಿಲೋಮೀಟರು ಕೆಳಗೆ, ಸೆಸ್ತಾವೊ ಎಂಬಲ್ಲಿ, ಸ್ಮಾರಕವಾಗಿ ಉಳಿಸಿದ ಒಂದೇ ಒಂದು ಊದುಕುಲುಮೆಯು ತಣ್ಣಗೆ ನಿಂತಿದೆ.

ಸಮಯವಿದ್ದವರು ಅಲ್ಲಿಂದ ಮುಂದೆ ಗುಡ್ಡಕ್ಕೂ ಹೋಗಬೇಕು. ೧೯೨೬ರಲ್ಲಿ ಹಾಕಿದ, ಉಕ್ಕಿನ ಹಗ್ಗದಿಂದೆಳೆಯುವ ಇಳಿಜಾರು ರೈಲು ಲಾ ರೆಯ್ನೆತ ಎಂಬಲ್ಲಿಗೆ ಏರಿಸುವುದು. ಹತ್ತಿರದಲ್ಲೇ ಗಣಿಗಾರರ ಹಳ್ಳಿಯಾದ ಲಾ ಆರ್ಬೊಲೇದ. ಅಗೆತ ನಿಂತ ಮೇಲೆ ಗಣಿಯ ಗುಂಡಿಗಳು ನೀರು ತುಂಬಿ ಕೆರೆಗಳಾಗಿವೆ. ಕೆಂಪು ಬಂಡೆಗಳ ಮೇಲೆ ಹುಲ್ಲು ಹಬ್ಬಿದೆ, ದನಗಳೂ ಕುದುರೆಗಳೂ ಮೇಯುತ್ತವೆ. ಭಾನುವಾರಗಳಲ್ಲಿ ಬಿಲ್ಬಾವೊದ ಸಂಸಾರಗಳು ಇಲ್ಲಿಗೆ ಬರುವುದು ಕೆಂಪು ಹುರುಳಿಕಾಯಿ ಬೀಜಗಳ ಊಟಕ್ಕಾಗಿ. ಬೀಜಗಳನ್ನು ಹಂದಿಯ ಮಾಂಸದೊಡನೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವರು. ಕಲ್ಲಿದ್ದಲನ್ನು ಲಿಯೋನಿನಿಂದ ಬಿಲ್ಬಾವೊಗೆ ತರುತ್ತಿದ್ದ ರೈಲಿನ ಚಾಲಕರು ಎಂಜಿನ್ನಿನ ಆವಿಯನ್ನು ಕೊಳವೆಯಿಂದ ಹಾಯಿಸಿ ಇದೇ ಅಡುಗೆಯನ್ನು ದಾರಿಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಆ ಪಾತ್ರೆಗೆ ‘ಪುಚೆರ’ ಎಂದು ಹೆಸರು, ಬಾಲ್ಮಸೇದ ಎಂಬ ಊರಿನಲ್ಲಿ ಅದನ್ನು ಇಂದಿಗೂ ಹೂಡುವರು. ಲಾ ಆರ್ಬೊಲೇದದ ಊಟದ ಮನೆಗಳಿಂದ ಹೊರಬಂದವರು ಕೆರೆಯ ದಂಡೆಯ ಮೇಲೆ ಒಂದು ಸುತ್ತು ನಡೆದು, ಸಂಜೆಯ ರೈಲಿಗೆ ಕೆಳಗಿಳಿಯುವರು. ದಾರಿಯ ಕೆಸರು ಮೆಟ್ಟಿದ ಪಾದರಕ್ಷೆಗಳ ಅಂಚಿನಲ್ಲಿ ಆಗಲೂ ಕೆಂಪು ಮಣ್ಣು ಹತ್ತಿಕೊಂಡಿರುವುದು.